ಅಂಚೆಯೇರಿ ಬರುವ ಮತ

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಕಾಫಿ ತೋಟದ ನಡುವಣ ಒಂದು ಹೆಂಚಿನ ಮನೆಯನ್ನು ಓದುಗರು ಊಹಿಸಿಕೊಳ್ಳಬಹುದು. ಹಿರಿಯ ಮಗ ಸೈನ್ಯಕ್ಕೆ ಸೇರಿ ಲಡಾಖಿನಲ್ಲಿದ್ದಾನೆ. ಕಿರಿಯವನು ದುಬೈ ಸೇರಿದ್ದಾನೆ. ಮನೆಯಲ್ಲಿ ಉಳಿದವಳು ತಾಯಿ. ಚುನಾವಣೆಯ ದಿನ ಊರ ಶಾಲೆಗೆ ನಡೆದುಹೋಗಿ, ಬೆರಳಿಗೆ ಮಸಿ ಹಚ್ಚಿಸಿಕೊಂಡು ಮರಳುವಾಗ ಆಕೆಗೆ ಒಂದೇ ಯೋಚನೆ: ಮಕ್ಕಳ ಮತಗಳು ಏನಾದವು?

ಹಿರಿಯವನಿಗೆ ಕಾನೂನು ದಾರಿ ತೋರಿಸಿದೆ. ಸೈನಿಕನು ಎಲ್ಲಿಯೇ ಇರಲಿ, ಸ್ವಂತ ಊರಿನಲ್ಲಿ ಆತ ‘ಸೇವಾ ಮತದಾರ’. ಜೊತೆಯಲ್ಲಿ ವಾಸಿಸುವ ಹೆಂಡತಿಗೂ ಆ ಹಕ್ಕುಂಟು. (ಸೈನ್ಯದಲ್ಲಿರುವ ಹೆಂಡತಿಯೊಡನೆ ವಾಸಿಸುವ ಗಂಡ ಮಾತ್ರ 2021ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಶಾಸನದ ಕಣ್ಣಿಗೆ ಸೈನಿಕನೆಂದರೆ ಗಂಡಸೇ!) 2016ರಲ್ಲಿ ನಿಯಮ ಬದಲಾದ ಬಳಿಕ ಮತಪತ್ರವು ಅಂತರ್ಜಾಲದ ಮೂಲಕ ಆತನನ್ನು ಮುಟ್ಟುತ್ತದೆ. ಅದನ್ನು ಮುದ್ರಿಸಿ, ಗುರುತು ಹಾಕಿ, ಒಳಲಕೋಟೆಯಲ್ಲಿಟ್ಟು ಅಂಟಿಸಿ, ಅಧಿಕಾರಿ ದೃಢೀಕರಿಸಿದ ಘೋಷಣೆಯೊಡನೆ ಹೊರಲಕೋಟೆಗೆ ಸೇರಿಸಿ ಆತ ಅಂಚೆಗೆ ಕೊಡಬೇಕು. ಹೋಗುವಾಗ ಮಿಂಚು, ಬರುವಾಗ ಟಪಾಲು! ಘೋಷಣೆ ಮರೆತರೆ ಒಳಲಕೋಟೆಯನ್ನು ಬಿಚ್ಚುವುದೇ ಇಲ್ಲ.

2023ರ ವಿಧಾನಸಭಾ ಚುನಾವಣೆಯನ್ನೇ ನೋಡಬಹುದು. ನಾಮಪತ್ರ ಹಿಂತೆಗೆದುಕೊಳ್ಳುವ ಕಡೆಯ ದಿನ ಏಪ್ರಿಲ್ 24. ಎಣಿಕೆ ಮೇ 13ರ ಬೆಳಿಗ್ಗೆ 8 ಗಂಟೆಗೆ. ಅಭ್ಯರ್ಥಿಗಳು ಯಾರೆಂದು ನಿಶ್ಚಯವಾಗದೆ ಮತಪತ್ರವಿಲ್ಲ. ಎಣಿಕೆ ತೊಡಗಿದ ಮೇಲೆ ಬಂದ ಲಕೋಟೆಗೆ ಬೆಲೆಯಿಲ್ಲ. ಈ ಹತ್ತೊಂಬತ್ತು ದಿನಗಳೊಳಗೆ ಹಿಮದ ನಾಡಿನ ಕಾಗದವು ಮಲೆನಾಡಿಗೆ ಇಳಿದು ಬರಬೇಕು. ಆ ಸಲ ಮೂಡಿಗೆರೆಯಲ್ಲಿ ನಯನಾ ಮೋಟಮ್ಮನವರು ಗೆದ್ದದ್ದು 722 ಮತಗಳಿಂದ. ಅದೇ ಜಿಲ್ಲೆಯ ಶೃಂಗೇರಿಯಲ್ಲಿ ಅಂದು ಘೋಷಿಸಿದ ಅಂತರ ಬರೇ 201. ಇಂಥ ಕಡೆ ಒಂದು ಲಕೋಟೆ ಹಿಂದೆ ಬಿದ್ದರೂ ಅದು ಸಣ್ಣ ಸಂಗತಿಯಲ್ಲ.

ಕಿರಿಯವನ ಪಾಡು ಬೇರೆ. 2010ರ ತಿದ್ದುಪಡಿ ಆತನ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿಕೊಂಡಿತು. ಆದರೆ ಮತ ಹಾಕಬೇಕಾದರೆ ಮೂಲ ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದು, ತಾಯಿ ಹೋದ ಅದೇ ಶಾಲೆಯ ಮೆಟ್ಟಿಲನ್ನೇ ಆತನೂ ಹತ್ತಬೇಕು. ಪರವಾಗಿ ಇನ್ನೊಬ್ಬರು ಮತ ಹಾಕಲು ಅವಕಾಶವೀಯುವ ಮಸೂದೆ 2018ರಲ್ಲಿ ಲೋಕಸಭೆಯ ಒಪ್ಪಿಗೆ ಪಡೆಯಿತಾದರೂ ರಾಜ್ಯಸಭೆಯನ್ನು ದಾಟದೆ ಬಿದ್ದುಹೋಯಿತು. ವಿಮಾನದ ಟಿಕೇಟಿನ ಬೆಲೆ ತೆತ್ತು ಹಾಕುವ ಮತವನ್ನು ಹಕ್ಕೆನ್ನುವುದಕ್ಕಿಂತ ಹರಕೆಯೆನ್ನುವುದೇ ಸರಿಯೇನೋ.

ಸಂಜೆ ಆತನ ಫೋನು ಬರುತ್ತದೆ.

“ಅಮ್ಮಾ, ಯಾರಿಗೆ ಹಾಕಿದೆ?”

“ಅದನ್ನು ಕೇಳಬಾರದು ಕಣೋ. ಬೇಕಿದ್ದರೆ ಬಂದು ನೀನೇ ಹಾಕು.”

“ಅಣ್ಣನ ಲಕೋಟೆ ತಲುಪಿತಂತೆಯೇ?”

ತಾಯಿ ಒಂದು ಗಳಿಗೆ ಸುಮ್ಮನಿದ್ದು, ಅಂದಿನ ಮಳೆಯ ಸುದ್ದಿಯನ್ನು ತೊಡಗುತ್ತಾಳೆ.