ಒದ್ದೆ ಅಂಗಿ, ಕಾಗದದ ಕವರು

ತೊಂಬತ್ತರ ದಶಕದಲ್ಲಿ ಧಾರವಾಡದಲ್ಲಿ ನಾನು ವಿಧಿವಿಜ್ಞಾನ ಕಲಿಸುತ್ತಿದ್ದಾಗ, ತರಗತಿಯಲ್ಲಿ ಕೂತವರಲ್ಲಿ ಹೆಚ್ಚಿನವರ ಕಣ್ಣು ಪಿಎಸ್‌ಐ ಪರೀಕ್ಷೆಯ ಮೇಲಿತ್ತು. ಪಾಳುಬಿದ್ದ ಕೋಣೆಯೊಂದನ್ನೇ ಕೊಲೆ ನಡೆದ ಜಾಗವೆಂದು ಮಾಡಿಕೊಳ್ಳುತ್ತಿದ್ದೆವು. ಮಟನ್ ಅಂಗಡಿಯಿಂದ ತಂದ ಕುರಿಯ ರಕ್ತ, ಒಡೆದ ಗಾಜು, ಹೊರಗೆ ಹಸಿಮಣ್ಣಿನಲ್ಲಿ ಬೂಟಿನ ಗುರುತು. ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಯಬೇಕು, ಟೇಪು ಹಿಡಿದು ನಕ್ಷೆ ಬರೆಯಬೇಕು, ಸ್ಥಳ ಮಹಜರು ಬರೆಯಬೇಕು. ಕ್ಯಾಮೆರಾ ರೀಲಿನಲ್ಲಿ ಇರುತ್ತಿದ್ದುದು 36 ಚಿತ್ರ. ಹಾಗಾಗಿ ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ, ಕೊನೆಗೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಯೋಚಿಸಿಯೇ ಕ್ಲಿಕ್ಕಿಸುತ್ತಿದ್ದರು.

ಆ ಕಾಲವೇ ಚೆನ್ನಾಗಿತ್ತು ಎನ್ನಲಾರೆ. ರಕ್ತದ ಕಲೆ ಮನುಷ್ಯನದೋ ಪ್ರಾಣಿಯದೋ, ಯಾವ ಗುಂಪಿನದು ಎಂಬಲ್ಲಿಗೆ ನಮ್ಮ ಪಾಠ ನಿಲ್ಲುತ್ತಿತ್ತು. ಒಂದೇ ಗುಂಪಿನವರು ಊರಲ್ಲಿ ಸಾವಿರಾರು ಜನ! ಇಂಗ್ಲೆಂಡಿನಲ್ಲಿ ಅಲೆಕ್ ಜೆಫ್ರೀಸ್ 1984ರಲ್ಲೇ ಡಿಎನ್‌ಎ ಗುರುತಿನ ದಾರಿ ಕಂಡುಕೊಂಡಿದ್ದರು, ಹೈದರಾಬಾದಿನಲ್ಲಿ ಲಾಲ್‌ಜಿ ಸಿಂಗ್ ಅದನ್ನು ನಮ್ಮ ಕೋರ್ಟುಗಳವರೆಗೆ ತಂದಿದ್ದರು. ನಮ್ಮ ಹುಡುಗರಿಗೆ ಮಾತ್ರ ಅದು ಪುಸ್ತಕದ ಒಂದು ಅಧ್ಯಾಯ. ಬೆರಳಚ್ಚು ಇರಬಹುದಾದ ವಸ್ತು ಬಿಟ್ಟರೆ ಉಳಿದದ್ದನ್ನೆಲ್ಲ ಬರಿಗೈಯಲ್ಲೇ ಎತ್ತುತ್ತಿದ್ದರು. ಈಗ ಅದು ನಡೆಯದು. ಕಣ್ಣಿಗೆ ಬೀಳದಷ್ಟು ಡಿಎನ್‌ಎಯನ್ನೂ ಪಿಸಿಆರ್ ಹೆಚ್ಚಿಸಿ ತೋರಿಸುತ್ತದೆ. ಎತ್ತಿದವನ ಬೆವರು, ಸೀನಿನಲ್ಲಿ ಸೇರಿಕೊಂಡದ್ದನ್ನೂ ಬಿಡುವುದಿಲ್ಲ. ಒಂದೊಂದು ವಸ್ತುವಿಗೂ ಹೊಸ ಗ್ಲೌಸ್ ಹಾಕುವ ಇಂದಿನ ಮಕ್ಕಳು ನಮ್ಮವರಿಗಿಂತ ಶಿಸ್ತಿನವರು.

ಆದರೆ ಒದ್ದೆ ಬಟ್ಟೆಯ ಪಾಠ ಇಂದಿಗೂ ಅದೇ. ರಕ್ತದಲ್ಲಿ ತೊಯ್ದ ಅಂಗಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ, ಡಿಎನ್‌ಎ ಕೆಡುತ್ತದೆ. ನೆರಳಲ್ಲಿ ಒಣಗಿಸಬೇಕು. ಒಂದು ಕಡೆಯ ಕಲೆ ಇನ್ನೊಂದು ಕಡೆಗೆ ಹತ್ತದಂತೆ ಮಡಿಕೆಗಳ ನಡುವೆ ಕಾಗದ ಇಡಬೇಕು. ಪ್ರತಿ ಬಟ್ಟೆಗೂ ಬೇರೆ ಕಾಗದದ ಕವರು, ಸೀಲು, ಸಹಿ, ದಿನಾಂಕ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಬರಹ. ಒಬ್ಬ ಮನುಷ್ಯನಿಗೆ ಜೀವಾವಧಿಯೋ ಬಿಡುಗಡೆಯೋ ಎಂಬುದು ಆ ಕವರಿನ ಮೇಲೆ ನಿಂತಿರಬಹುದು. ಇದನ್ನು ಹೇಳುವಾಗ ಈಗಿನ ತರಗತಿ ಚಡಪಡಿಸುತ್ತದೆ. ಡಿಎನ್‌ಎ ಯಂತ್ರ ಯಾವಾಗ ತೋರಿಸುತ್ತೀರಿ ಸರ್ ಎನ್ನುತ್ತಾರೆ. ಆಸೆ ಸಹಜವೇ. ಆದರೆ ಸ್ಥಳದಲ್ಲಿ ಕೆಟ್ಟದ್ದನ್ನು ಯಾವ ಯಂತ್ರವೂ ಸರಿಮಾಡದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಅಷ್ಟು ಜನ ಎಲ್ಲಿಂದ ಬರಬೇಕು? ನಮ್ಮ ತರಗತಿಗಳಿಂದಲೇ. ನಾನು ಪರೀಕ್ಷಕನಾಗಿ ಹೋಗಿದ್ದ ಒಂದು ಕಾಲೇಜಿನಲ್ಲಿ ಅಪರಾಧ ಸ್ಥಳದ ಅಭ್ಯಾಸವೆಲ್ಲ ಪರದೆಯ ಮೇಲಿನ ಚಿತ್ರಗಳಲ್ಲೇ ಮುಗಿಯುತ್ತಿತ್ತು. ಅಂತಿಮ ವರ್ಷದ ಹುಡುಗಿಗೆ ಮಹಜರು ಬರೆದು ಗೊತ್ತಿರಲಿಲ್ಲ, ತಪ್ಪು ಅವಳದಲ್ಲ.

ಮಕ್ಕಳನ್ನು ಈ ಕೋರ್ಸಿಗೆ ಸೇರಿಸುವವರು ಯಂತ್ರಗಳ ಪಟ್ಟಿ ನೋಡಿ ಮರುಳಾಗಬೇಡಿ. ಅಭ್ಯಾಸದ ಕೋಣೆ ಎಲ್ಲಿದೆ, ವಾರಕ್ಕೆ ಎಷ್ಟು ಗಂಟೆ ಅಲ್ಲಿ ಕೆಲಸ ಮಾಡಿಸುತ್ತೀರಿ, ಮಕ್ಕಳು ಬರೆದ ಮಹಜರನ್ನು ಯಾರು ತಿದ್ದುತ್ತಾರೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಬೇರೆ ಕಾಲೇಜು ನೋಡಿ.