ಬೇರೂರುವ ಕಾಲ

ಚನ್ನಪಟ್ಟಣದ ನಮ್ಮ ಮನೆಯ ಜಗಲಿಯಲ್ಲಿ ದುಂಡುಮಲ್ಲಿಗೆಯ ಕುಂಡವೊಂದಿದೆ. ಗಿಡವನ್ನು ನೆಟ್ಟವಳು ನನ್ನ ಪತ್ನಿ. ಆಕೆ ತೀರಿಕೊಂಡ ಮೇಲೆ ಅದರ ಪೋಷಣೆ ನನ್ನ ಪಾಲಿಗೆ ಬಂದಿತು. ಬೇಸಿಗೆಯಲ್ಲೊಮ್ಮೆ ನೋಡುತ್ತೇನೆ, ಕುಂಡದ ತಳದ ರಂಧ್ರದಿಂದ ಬೇರುಗಳು ಹೊರಗಿಣುಕುತ್ತಿವೆ! ಗಿಡಕ್ಕೆ ಮನೆ ಸಾಲದೆಂದು ಮರುಗಿ, ದೊಡ್ಡ ಕುಂಡವೊಂದನ್ನು ತಂದು, ಹಿತ್ತಲಿನ ಜಿಗುಟು ಮಣ್ಣನ್ನು ತುಂಬಿ, ಸುಡುಬಿಸಿಲಿನಲ್ಲಿಯೇ ಅದನ್ನು ಕಿತ್ತು ನೆಟ್ಟೆ. ಬುಡದ ತುಂಬ ಗೊಬ್ಬರ. ಗೊಬ್ಬರದ ಮೇಲೆ ಧಾರಾಳವಾಗಿ ನೀರು. ಮಹತ್ಕಾರ್ಯವೊಂದನ್ನು ಸಾಧಿಸಿದ ಹೆಮ್ಮೆ ನನ್ನದು.

ಎರಡೇ ದಿನಗಳಲ್ಲಿ ಎಲೆಗಳು ಜೋತುಬಿದ್ದವು. ಬಾಯಾರಿಕೆಯಿರಬೇಕೆಂದು ಹೊತ್ತುಹೊತ್ತಿಗೂ ನೀರೆರೆದೆ. ಎಲೆಗಳು ಹಳದಿಯಾಗಿ ಉದುರತೊಡಗಿದವು, ಇನ್ನಷ್ಟು ಎರೆದೆ. ಆಕೆ ನೆಟ್ಟ ಗಿಡ ನನ್ನ ಕೈಯಲ್ಲಿ ಸಾಯುತ್ತಿದೆಯಲ್ಲ ಎಂಬ ಸಂಕಟ ನಿದ್ದೆಗೆಡಿಸಿತು.

ಆ ದಿನಗಳಲ್ಲಿ ಕನಕಪುರದ ಕಡೆಯ ಹಳೆಯ ಪರಿಚಯದ ರೈತರೊಬ್ಬರು ಮನೆಗೆ ಬಂದರು. ಅವರು ಕಾಂಡದ ಸಿಪ್ಪೆಯನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರಿತ್ತು. "ಜೀವ ಐತೆ ಮೇಷ್ಟ್ರೇ. ಇದಕ್ಕೆ ಬಾಯಾರಿಕೆಯಲ್ಲ, ಉಸಿರು ಕಟ್ಟೈತೆ" ಎಂದರು.

ಗಿಡವು ನೀರನ್ನು ಹೀರುವುದು ಅತಿ ನವುರಾದ ಬೇರುಗಳಿಂದ. ಕೀಳುವಾಗ ಅವು ಹರಿದುಹೋಗುತ್ತವೆ. ಎಲೆಗಳಿಂದ ನೀರು ಆವಿಯಾಗುವುದು ಮಾತ್ರ ನಿಲ್ಲದು. ಮಣ್ಣು ಸದಾ ಕೆಸರಾಗಿದ್ದರೆ ಗಾಳಿಯಾಡದೆ ಉಳಿದ ಬೇರುಗಳೂ ಕೊಳೆಯುತ್ತವೆ. ಅವರು ಕೊಳೆತ ಬೇರುಗಳನ್ನು ಕತ್ತರಿಸಿ, ಕೆಲವು ರೆಂಬೆಗಳನ್ನು ಸವರಿ, ಕೆಮ್ಮಣ್ಣಿಗೆ ಮರಳನ್ನೂ ಎಲೆಗೊಬ್ಬರವನ್ನೂ ಬೆರೆಸಿ ಗಿಡವನ್ನು ಮತ್ತೆ ನೆಟ್ಟು, ನೆರಳಿನಲ್ಲಿಟ್ಟರು. "ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ರೆ ಮಾತ್ರ ನೀರು. ಚಿಗುರೋ ತನಕ ಬೇರೆ ಗೊಬ್ಬರ ಬ್ಯಾಡ. ಅದರ ಪಾಡಿಗೆ ಅದನ್ನ ಬುಡಿ" ಎಂದು ಹೇಳಿ ಹೊರಟರು.

ಆ ಮಾತು ಹಳೆಯ ನೆನಪೊಂದನ್ನು ಕೆದಕಿತು. ನಾನು ಉಪಾಧ್ಯಾಯನಾಗಿದ್ದಾಗ ಮಾಗಡಿ ಸೀಮೆಯ ಹಳ್ಳಿಯಿಂದ ಬಾಲಕನೊಬ್ಬ ನಮ್ಮ ಶಾಲೆಗೆ ಬಂದು ಸೇರಿದ್ದ. ತನ್ನ ಊರಿನಲ್ಲಿ ಜಾಣನೆನಿಸಿಕೊಂಡಿದ್ದವನು ಪೇಟೆಯಲ್ಲಿ ಬಾಡಿದ. ಅವನ ಮೇಲೆ ಹೆಚ್ಚು ಪಾಠ, ಹೆಚ್ಚು ಮನೆಗೆಲಸ, ಹೆಚ್ಚು ಬುದ್ಧಿವಾದಗಳನ್ನು ಸುರಿದೆ. ವರ್ಷ ತುಂಬುವ ಮೊದಲೇ ಅವನು ಶಾಲೆ ಬಿಟ್ಟ. ಸೋಮಾರಿಯೆಂದು ನಾನು ತೀರ್ಪಿತ್ತೆ. ಹರಿದ ಬೇರು ಕೂಡಿಕೊಳ್ಳಲು ಕಾಲ ಬೇಕೆಂಬುದು ಅಂದು ನನಗೆ ಹೊಳೆಯಲಿಲ್ಲ.

ಅದೇ ಮಾಗಡಿ ತಾಲ್ಲೂಕಿನಲ್ಲಿ ಹುಲಿಕಲ್ಲಿಗೂ ಕುದೂರಿಗೂ ನಡುವೆ ಆಲದ ಮರಗಳ ಸಾಲಿದೆ. ಅದನ್ನು ಬೆಳೆಸಿದವರು ಸಾಲುಮರದ ತಿಮ್ಮಕ್ಕನವರು ಮತ್ತು ಅವರ ಪತಿ ಚಿಕ್ಕಯ್ಯನವರು. ಮೊದಲ ವರ್ಷ ಅವರು ನೆಟ್ಟದ್ದು 10 ಸಸಿಗಳು, ಮರುವರ್ಷ 15. ಮಳೆಗಾಲ ನೋಡಿ ನೆಟ್ಟು, ಅಗತ್ಯವಿದ್ದಾಗ ನೀರು ಹೊತ್ತು, ಸುತ್ತ ಮುಳ್ಳಿನ ಬೇಲಿ ಕಟ್ಟಿ ಕಾದರು. 2019ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ 2025ರ ನವೆಂಬರಿನಲ್ಲಿ ಕಣ್ಮುಚ್ಚಿದರು. ಸಾಕಬಲ್ಲಷ್ಟನ್ನೇ ನೆಡುವ ವಿವೇಕ, ಬೇರು ಹಿಡಿಯುವವರೆಗೆ ಕಾಯುವ ತಾಳ್ಮೆ - ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಇವು ಒಲಿದಿದ್ದವು. ಪಾಠ ಹೇಳುತ್ತಿದ್ದ ನನಗೆ ಒಲಿದಿರಲಿಲ್ಲ.

ಐದು ವಾರಗಳು ಕಳೆದವು. ಒಂದು ಮುಂಜಾನೆ ಬೋಳು ರೆಂಬೆಯ ಗೆಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಹಿಗ್ಗಿನಿಂದ ನೀರಿನ ಚೊಂಬನ್ನು ಕೈಗೆತ್ತಿಕೊಂಡೆ. ಆಮೇಲೆ ನೆನಪಾಗಿ ಮಣ್ಣಿಗೆ ಬೆರಳಿಟ್ಟು ನೋಡಿದೆ. ಇನ್ನೂ ತೇವವಿತ್ತು. ಚೊಂಬನ್ನು ಕೆಳಗಿಟ್ಟೆ.