ಮೂಳೆಯ ಹಾದಿಯಲ್ಲಿ ಬಂದ ದನಿ

ಪಾಪನಿವೇದನೆ ಕೇಳುವ ಗುರುವಿನ ಕಿವಿ ಮಂದವಾದರೆ ಏನಾಗುತ್ತದೆ ಎಂಬುದನ್ನು ನಾನು ತಡವಾಗಿ ಅರಿತೆ. ಬಾಲ್ಯದಿಂದಲೂ ನನ್ನ ಎರಡೂ ಕಿವಿಗಳು ಸೋರುತ್ತಿದ್ದವು. ಗುರುಮಠದ ದಿನಗಳಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತು ಹೇಗೋ ನಿಭಾಯಿಸಿದೆ. ಐವತ್ತು ದಾಟಿದ ಮೇಲೆ ಅದು ಸಾಗಲಿಲ್ಲ. 2022ರ ಆಗಮನ ಕಾಲದಲ್ಲಿ ವೃದ್ಧೆಯೊಬ್ಬರಿಗೆ “ಸ್ವಲ್ಪ ಜೋರಾಗಿ ಹೇಳಿ ಅಮ್ಮಾ” ಎಂದು ಎರಡು ಬಾರಿ ಕೇಳಿದೆ. ಅವರು ಜೋರಾಗಿಯೇ ಹೇಳಿದರು. ಹೊರಗೆ ಸಾಲಿನಲ್ಲಿದ್ದವರು ತಲೆ ತಗ್ಗಿಸಿ ನಿಂತಿದ್ದುದನ್ನು ಆಮೇಲೆ ಕಂಡೆ. ಆ ತಾಯಿ ಮತ್ತೆ ನನ್ನ ಬಳಿ ಪಾಪನಿವೇದನೆಗೆ ಬರಲಿಲ್ಲ.

ಕಿವಿಯೊಳಗೆ ಇಡುವ ಸಾಮಾನ್ಯ ಶ್ರವಣ ಸಾಧನ ನನಗೆ ಒಗ್ಗಿರಲಿಲ್ಲ. ರಂಧ್ರ ಮುಚ್ಚಿಕೊಂಡರೆ ಸೋರಿಕೆ ಹೆಚ್ಚುತ್ತಿತ್ತು. ಒಳಗಿವಿ ಚೆನ್ನಾಗಿಯೇ ಇದೆ, ಅಲ್ಲಿಗೆ ಹೋಗುವ ದಾರಿ ಮಾತ್ರ ಕೆಟ್ಟಿದೆ ಎಂದು ವಿವರಿಸಿದ ವೈದ್ಯರು, ತಲೆಬುರುಡೆಯ ಮೂಳೆಯ ಮೂಲಕವೇ ಧ್ವನಿಯನ್ನು ಕಳುಹಿಸುವ ಉಪಕರಣವನ್ನು ಸೂಚಿಸಿದರು. ಕಿವಿಯ ಹಿಂದಿನ ಮೂಳೆಗೆ 4 ಮಿಲಿಮೀಟರ್ ಉದ್ದದ ಟೈಟಾನಿಯಂ ತಿರುಪು. ಅದರ ಮೇಲೆ ಚರ್ಮದಿಂದ ಹೊರಗೆ ನಿಲ್ಲುವ ಚಿಕ್ಕ ಕಂಬ. ಕಂಬಕ್ಕೆ ಗುಂಡಿಯಂತೆ ಸಿಕ್ಕಿಸುವ ಯಂತ್ರ.

ಈ ಲೋಹ ಮೂಳೆಯೊಡನೆ ಬೆಸೆದುಕೊಳ್ಳುತ್ತದೆಂಬುದನ್ನು ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳ ಮೂಳೆಯ ಅಧ್ಯಯನದಲ್ಲಿ ಕಂಡುಕೊಂಡರು. ಒಳಗಿರಿಸಿದ್ದನ್ನು ಹೊರತೆಗೆಯಲು ಹೋದರೆ ಅದು ಬರಲೇ ಇಲ್ಲವಂತೆ! ಮೊದಲು ಹಲ್ಲಿಗೆ ಬಳಸಿದರು. ಶ್ರವಣಕ್ಕೆ 1977ರಲ್ಲಿ, ಗೋಥೆನ್‌ಬರ್ಗ್ ನಗರದಲ್ಲಿ.

ಬೆಸೆಯಲು ಕಾಲ ಬೇಕು. ಬಹುಕಾಲ ಕನಿಷ್ಠ ಮೂರು ತಿಂಗಳು ಕಾಯಿಸುವುದೇ ರೂಢಿಯಾಗಿತ್ತು. ನನ್ನ ಶಸ್ತ್ರಚಿಕಿತ್ಸೆ ನಡೆದದ್ದು 2023ರ ಫೆಬ್ರವರಿ 20ರಂದು, ವಿಭೂತಿ ಬುಧವಾರಕ್ಕೆ ಎರಡು ದಿನ ಮುಂಚೆ. ಮೂರು ತಿಂಗಳೆಂದರೆ ಪಾಸ್ಖ ಹಬ್ಬವೂ ಕಳೆದಿರುತ್ತದೆ. ತಪಸ್ಸು ಕಾಲದ ಆ ಉದ್ದನೆಯ ಸಾಲುಗಳನ್ನು ನೆನೆದು, ಬೇಗ ಜೋಡಿಸಲಾಗದೆ ಎಂದು ಸಂಕೋಚ ಬಿಟ್ಟು ಕೇಳಿದೆ. ವೈದ್ಯರು ನಕ್ಕರು. ಈಗಿನ ತಿರುಪುಗಳು ಹಿಂದಿನವಕ್ಕಿಂತ ಅಗಲ, ಮೈ ತರಿತರಿ. ಮೊದಲ ದಿನದಿಂದಲೇ ಹಿಡಿತ ಹೆಚ್ಚು. ಆದ್ದರಿಂದ ವಯಸ್ಕರ ಗಟ್ಟಿ ಮೂಳೆಯಾದರೆ ಮೂರು ವಾರಕ್ಕೇ ಯಂತ್ರ ತೊಡಿಸಬಹುದು. “ಆದರೆ ಹಬ್ಬ ಬಂತೆಂದು ಮೂಳೆ ಅವಸರ ಮಾಡುವುದಿಲ್ಲ ಫಾದರ್” ಎಂದರು.

ಅಂದು ಪಕ್ಕದ ಕುರ್ಚಿಯಲ್ಲಿ ಕಿವಿಯ ಆಕಾರವೇ ಮೂಡದೆ ಹುಟ್ಟಿದ ನಾಲ್ಕು ವರ್ಷದ ಬಾಲಕಿಯಿದ್ದಳು. ಆ ವಯಸ್ಸಿಗೆ ತಲೆಬುರುಡೆ ತೆಳು. ತಿರುಪು ಹಾಕಲು ಇನ್ನೂ ಕಾಯಬೇಕು, ಹಾಕಿದ ಮೇಲೂ ದೊಡ್ಡವರಿಗಿಂತ ಹೆಚ್ಚು ಕಾಲ. ಅಲ್ಲಿಯವರೆಗೆ ಅಂಥದೇ ಯಂತ್ರವನ್ನು ಮೆತ್ತನೆಯ ಪಟ್ಟಿಯಲ್ಲಿ ತಲೆಗೆ ಕಟ್ಟಿದ್ದರು. ಅದರ ಪರಿವೆಯೇ ಇಲ್ಲದೆ ಅವಳು ಆಡುತ್ತಿದ್ದಳು. ನನ್ನ ಮೂರು ವಾರದ ಆತುರ ನನಗೇ ನಗೆ ತರಿಸಿತು.

ಮಾರ್ಚ್ 13ರಂದು ಕಂಬದ ಮೇಲೆ ಪುಟ್ಟ ಅಯಸ್ಕಾಂತವನ್ನು ಕೂರಿಸಿ, ಅದನ್ನು ಕಂಪಿಸುವಂತೆ ಮಾಡಿ, ತಿರುಪಿನ ಬಿಗಿಯನ್ನು ಅಳೆದರು. ಮೊದಲ ದಿನದ ಅಂಕಿಗಿಂತ ಕಡಿಮೆಯಿರಲಿಲ್ಲ. ಯಂತ್ರ ಟಕ್ಕೆಂದು ಕುಳಿತಿತು. ದಿವ್ಯ ಸಂಗೀತವೇನೂ ಕೇಳಿಸಲಿಲ್ಲ: ಫ್ಯಾನಿನ ಸದ್ದು, ಕಾಗದ ಮಗುಚಿದ ಸದ್ದು, ಡಬ್ಬದೊಳಗಿಂದ ಬಂದಂತೆ ನನ್ನದೇ ಧ್ವನಿ. ಒಗ್ಗಲು ಎರಡು ವಾರ ಹಿಡಿಯಿತು. ಕಂಬದ ಸುತ್ತಲಿನ ಚರ್ಮವನ್ನು ದಿನವೂ ಮೃದುವಾದ ಬ್ರಷ್ಷಿನಿಂದ ಶುಚಿಗೊಳಿಸಬೇಕು. ಉದಾಸೀನ ಮಾಡಿದರೆ ಕೆಂಪೇರುತ್ತದೆ. (ಒಮ್ಮೆ ಮಾಡಿ ಅನುಭವಿಸಿದ್ದೇನೆ.)

ಪವಿತ್ರ ವಾರದಲ್ಲಿ ಯಾರನ್ನೂ ಜೋರಾಗಿ ಹೇಳಿ ಎಂದು ಕೇಳಬೇಕಾಗಲಿಲ್ಲ. ಆ ವೃದ್ಧೆ ಮಾತ್ರ ಇಂದಿಗೂ ಸಹಾಯಕ ಗುರುಗಳ ಸಾಲಿನಲ್ಲೇ ನಿಲ್ಲುತ್ತಾರೆ. ಪೂಜೆಯ ನಂತರ ಹೊರಗೆ ಸಿಕ್ಕಾಗ ಊರಿಗೆಲ್ಲ ಕೇಳುವಂತೆ ನನ್ನ ಯೋಗಕ್ಷೇಮ ವಿಚಾರಿಸುತ್ತಾರೆ. “ಕೇಳಿಸುತ್ತದೆ ಅಮ್ಮಾ, ಮೆಲ್ಲಗೆ ಹೇಳಿ” ಎಂದರೂ ಅವರಿಗೆ ನಂಬಿಕೆಯಿಲ್ಲ.